ಆಪರೇಷನ್ ಕಾಲಿನ ತೊಡೆಗೆ ಮತ್ತೆ ಬಲ ಬಂದದ್ದು

ನನ್ನ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಆಪರೇಷನ್ ಚೆನ್ನಾಗಿಯೇ ಆಯಿತು. ಅದೇ ಕಾಲಿನ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ತುದಿಯ ಹುರಿ (ಟೆಂಡನ್) ತೆಗೆದು ಹೊಸ ಲಿಗಮೆಂಟ್ ಕೂರಿಸಿದ್ದರು. ಮರುದಿನ ಫಿಸಿಯೋ ಬಂದು "ತೊಡೆ ಬಿಗಿ ಮಾಡಿ ನೋಡೋಣ" ಅಂದರು. ನಾನು ಎಷ್ಟು ಹಲ್ಲು ಕಚ್ಚಿದರೂ ತೊಡೆ ಮಿಸುಕಲಿಲ್ಲ.

ಇದು ಹೆಚ್ಚಿನವರಿಗೆ ಆಗುವುದೇ. ಮಂಡಿಯೊಳಗೆ ಊತ ಇರುವಷ್ಟು ದಿನ ನರಗಳೇ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸನ್ನು ತಡೆದು ಹಿಡಿದಿರುತ್ತವೆ. ಕೆಲಸ ಇಲ್ಲದ ಸ್ನಾಯು ಬೇಗ ಕರಗುತ್ತದೆ. ಹಾಗಾಗಿ ಮೊದಲು ಊತ ಇಳಿಯಬೇಕು, ಕಾಲು ಪೂರ್ತಿ ನೇರ ಆಗಬೇಕು. ತೂಕ ಎತ್ತುವ ಮಾತು ಆಮೇಲೆ.

ಮುಂಬೈಯ ಮಾಟುಂಗದ ನಮ್ಮ ಮನೆಯಲ್ಲಿ ಹಾಸಿಗೆಯೇ ಜಿಮ್ ಆಯಿತು. ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟು ಮಂಡಿಯನ್ನು ಅದರ ಭಾರಕ್ಕೇ ಕೆಳಗೆ ಬಿಡುವುದು. ಆಮೇಲೆ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿಯುವುದು. ಆಗ ಕಣ್ಣು ಮಂಡಿಚಿಪ್ಪಿನ ಮೇಲಿರಲಿ. ಸ್ನಾಯು ನಿಜವಾಗಿ ಎಳೆದರೆ ಚಿಪ್ಪು ತೊಡೆಯ ಕಡೆಗೆ ಸ್ವಲ್ಪ ಜಾರುತ್ತದೆ. ಅದು ಜಾರದಿದ್ದರೆ ಒತ್ತುತ್ತಿರುವುದು ಪೃಷ್ಠ, ತೊಡೆಯಲ್ಲ! ಫಿಸಿಯೋ ತೊಡೆಗೆ ಕರೆಂಟ್ ಮಷಿನ್ (ಸಣ್ಣ ಕರೆಂಟಿನಿಂದ ಸ್ನಾಯುವನ್ನು ಬಿಗಿಯಾಗಿಸುವುದು) ಇಟ್ಟು ಅದೇ ಹೊತ್ತಿಗೆ ನಾನೂ ಬಿಗಿ ಹಿಡಿಯಬೇಕು ಅನ್ನುತ್ತಿದ್ದರು. ಸುಮ್ನೆ ಮಲಗಿ ಕರೆಂಟ್ ಕೊಡಿಸಿಕೊಂಡರೆ ಅಷ್ಟು ಫಲ ಇಲ್ಲ. ಮಂಡಿ ಒಂದಿಷ್ಟೂ ಬಾಗದೆ ಕಾಲು ಮೇಲೆತ್ತಲು ಬಂದ ಮೇಲೆಯೇ ಊರುಗೋಲು ಬಿಡಲು ಒಪ್ಪಿದರು.

ಬಂದವರೆಲ್ಲ ಎಣ್ಣೆ ತಿಕ್ಕು ಅಂದರು. ತಿಕ್ಕಿದರೆ ಹಿತ ಅನಿಸಬಹುದು, ಸ್ನಾಯು ಬೆಳೆಯುವುದಿಲ್ಲ. ಅಮ್ಮನ ಹುರುಳಿ ಸಾರು, ಮೊಟ್ಟೆ, ಬಂಗುಡೆ ಮಾತ್ರ ನಾನು ಬೇಡ ಅನ್ನಲಿಲ್ಲ. ಪ್ರೋಟೀನ್ ಬೇಕಲ್ವಾ!

ಆಫೀಸು ಶುರುವಾದ ಮೇಲೆ ಸ್ಟೇಷನ್ ಮೆಟ್ಟಿಲು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ದಾದರ್ ಸೇತುವೆಯಲ್ಲಿ ಹಿಂದಿನವರು ತಳ್ಳುವಾಗ ಇದನ್ನು ಪಾಲಿಸುವುದು ಕಷ್ಟ. ಅದಕ್ಕೇ ಕಂಬಿ ಹಿಡಿದು ಒಂದು ಪಕ್ಕದಲ್ಲೇ ಹೋಗುತ್ತಿದ್ದೆ.

ನಾನು ಎಲ್ಲರಿಗೂ ಹೇಳುವುದು ಒಂದೇ: ಒಳ್ಳೆ ಕಾಲನ್ನು ನಂಬಬೇಡಿ, ಅದು ಕೆಲಸ ಕದಿಯುತ್ತದೆ. ಫಿಸಿಯೋ ಒಮ್ಮೆ ಎರಡು ತೂಕದ ಯಂತ್ರ ತಂದು ಒಂದೊಂದು ಪಾದದ ಕೆಳಗೆ ಒಂದೊಂದು ಇಟ್ಟು ಕುರ್ಚಿಯಿಂದ ಏಳಿಸಿದರು. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ಏಳುತ್ತಿದ್ದೇನೆ ಅಂತ ನನಗೆ ಅನಿಸುತ್ತಿತ್ತು. ಮುಳ್ಳು ನೋಡಿದರೆ ಭಾರವೆಲ್ಲ ಒಳ್ಳೆ ಕಾಲಿಗೆ, ಎಡಕ್ಕೇ! ಆವತ್ತಿನಿಂದ ಹೆಚ್ಚಿನ ವ್ಯಾಯಾಮ ಒಂಟಿ ಕಾಲಿನದು. ಗಿಡ್ಡ ಸ್ಟೂಲಿನಿಂದ ನಿಧಾನಕ್ಕೆ ಇಳಿಯುವುದು, ಆಮೇಲೆ ಜಿಮ್‌ನಲ್ಲಿ ಒಂಟಿ ಕಾಲಿನ ಲೆಗ್ ಪ್ರೆಸ್ (ಮಷಿನ್‌ನಲ್ಲಿ ಕೂತು ಪಾದದಿಂದ ತೂಕ ತಳ್ಳುವುದು). ತೂಕ ಹಗುರವಾಗಿಯೇ ಉಳಿದರೆ ಬಲ ಬರುವುದಿಲ್ಲ. ಕೊನೆಯ ಎರಡು ಸಲ ಎತ್ತುವಾಗ ಕಷ್ಟ ಆಗಬೇಕು. ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಆ ದಿನ ಐಸ್, ಮುಂದಿನ ಸಲ ತೂಕ ಕಡಿಮೆ. ಊತ ಇಲ್ಲದಿದ್ದರೆ ಏರಿಸು.

ಕೂತು ಕಣಕಾಲಿನಿಂದ ತೂಕ ಎತ್ತಿ ಕಾಲು ನೇರ ಮಾಡುವ ಲೆಗ್ ಎಕ್ಸ್‌ಟೆನ್ಶನ್ ಮಷಿನ್‌ಗೆ ಮಾತ್ರ ತಡವಾಗಿ ಬಿಟ್ಟರು. ಮೊದಲು ಕಾಲನ್ನು ಬಾಗಿಸಿದ ಕೋನದಲ್ಲಷ್ಟೇ ಅದನ್ನು ಮಾಡಬೇಕಿತ್ತು. ತೂಕದೊಂದಿಗೆ ಪೂರ್ತಿ ನೇರ ಮಾಡುವ ಕೊನೆಯ ಹಂತದಲ್ಲಿ ಹೊಸ ಲಿಗಮೆಂಟಿನ ಮೇಲೆ ಎಳೆತ ಜಾಸ್ತಿ. ಮೊದಲ ಕೆಲವು ತಿಂಗಳು ಅದು ಒಳಗೊಳಗೇ ಬದಲಾಗುತ್ತ ಬಲಹೀನವಾಗಿಯೇ ಇರುತ್ತದೆ. ನೋವಿಲ್ಲ ಅಂತ ಹಾರುವವರಿಗೆ ಪೆಟ್ಟಾಗುವುದು ಇಲ್ಲೇ. ಹ್ಯಾಮ್‌ಸ್ಟ್ರಿಂಗ್ ತೆಗೆದ ಜಾಗಕ್ಕೂ ಬೇರೆ ವ್ಯಾಯಾಮ ಬೇಕಾಯಿತು.

ಶಿವಾಜಿ ಪಾರ್ಕಿನಲ್ಲಿ ಗೆಳೆಯರು ವಾಲಿಬಾಲ್‌ಗೆ ಕರೆಯುತ್ತಲೇ ಇದ್ದರು. ಫಿಸಿಯೋ 9 ತಿಂಗಳ ಮೊದಲು ಬೇಡವೇ ಬೇಡ ಅಂದರು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಒಂದೊಂದು ತಿಂಗಳು ಮುಂದೆ ಹಾಕಿದಂತೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತಂತೆ. ತಿಂಗಳು ತುಂಬಿದರೆ ಸಾಲದು, ತೊಡೆಯ ಬಲವೂ ಒಳ್ಳೆ ಕಾಲಿನ 90 ಶೇಕಡಾ ಮುಟ್ಟಬೇಕು. ನಾನು ಒಂಟಿ ಕಾಲಿನ ಜಿಗಿತದ ಪರೀಕ್ಷೆ ಮೊದಲು ಪಾಸಾದೆ, ಬಲದ ಪರೀಕ್ಷೆ ಆಮೇಲೆ. ಸೊಂಟ, ಪಾದ ಸೇರಿಕೊಂಡು ಜಿಗಿತವನ್ನು ನಿಭಾಯಿಸಿಬಿಡುತ್ತವೆ. ಅದಕ್ಕೇ ಮಷಿನ್‌ನಲ್ಲಿ ಅಳೆದ ಬಲವನ್ನೇ ನಾನು ಲೆಕ್ಕಕ್ಕೆ ಹಿಡಿದೆ. ಟೇಪು ಹಿಡಿದರೆ ಈ ತೊಡೆ ಈಗಲೂ ತುಸು ಸಣ್ಣ. ಒಂಟಿ ಕಾಲಿನ ಲೆಗ್ ಪ್ರೆಸ್ ವಾರಕ್ಕೆ ಎರಡು ಸಲ ನಡೆದೇ ಇದೆ.