ಎರಡು ಫೋಟೋ, ಒಂದು ಅಡಿಪಟ್ಟಿ, ಅಲ್ಲಾಡುವ ಗೊಂಬೆ

ನಮ್ಮ ಮಾವನವರಿಗೆ ಎಡಗಣ್ಣು ಕಾಣಿಸುವುದಿಲ್ಲ. ಕೆಂಪು-ನೀಲಿ ಕನ್ನಡಕ ಹಾಕಿ ನೋಡುವ ತ್ರೀಡಿ ಚಿತ್ರ ಕೊಟ್ಟರೆ "ಏನೂ ಕಾಣಲ್ಲಮ್ಮ" ಎಂದು ವಾಪಸ್ ಕೊಡುತ್ತಾರೆ. ಹೋದ ದಸರೆಯಲ್ಲಿ ಮನೆಯ ಗೊಂಬೆಗಳ ಎರಡು ಫೋಟೋ ಜೋಡಿಸಿ, ಅತ್ತಿತ್ತ ತೊನೆಯುವ ಜಿಫ್ (ಮತ್ತೆ ಮತ್ತೆ ಓಡುವ ಪುಟ್ಟ ಚಲಿಸುವ ಚಿತ್ರ) ಮಾಡಿ ತೋರಿಸಿದೆ. "ಅರೆ, ಶೆಟ್ಟರ ಅಂಗಡಿ ಮುಂದಕ್ಕೆ ಬಂತಲ್ಲ!" ಅಂದರು.

ಗುಟ್ಟು ಇಷ್ಟೇ. ಎರಡು ಕಣ್ಣಿಗೂ ಬೀಳುವ ಚಿತ್ರ ತುಸು ಬೇರೆ ಬೇರೆ, ಆ ವ್ಯತ್ಯಾಸದಿಂದಲೇ ಮೆದುಳು ಆಳವನ್ನು ಅಳೆಯುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಅವನ ಸ್ಟೀರಿಯೊಸ್ಕೋಪ್ ಎಂಬ ಸಾಧನಕ್ಕೆ ಎರಡು ಕಣ್ಣೂ ಬೇಕು. ಅವೇ ಎರಡು ಚಿತ್ರಗಳನ್ನು ಒಂದೇ ಜಾಗದಲ್ಲಿ ಒಂದಾದ ಮೇಲೊಂದು ತೋರಿಸಿದರೆ ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ರೈಲಿನ ಕಿಟಕಿಯಲ್ಲಿ ಕಂಬಗಳು ಓಡಿ ಬೆಟ್ಟ ನಿಂತಿರುತ್ತದಲ್ಲ, ಹಾಗೆ. ಇದಕ್ಕೆ ಒಂದು ಕಣ್ಣು ಸಾಕು.

ಫೋಟೋ ತೆಗೆಯುವಾಗಲೇ ಮುಕ್ಕಾಲು ಕೆಲಸ ಮುಗಿಯಬೇಕು. ಸ್ಟೂಲಿನ ಮೇಲೆ ಮಗಳ ಅಡಿಪಟ್ಟಿಯನ್ನು ಗೊಂಬೆ ಮೆಟ್ಟಿಲಿಗೆ ಸಮಾನಾಂತರವಾಗಿ ಅಂಟಿಸಿದೆ. ಅದರ ಅಂಚಿಗೆ ಸೇರಿಸಿ ಸಕ್ಕರೆ ಡಬ್ಬ, ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಮೊಬೈಲು. ಒಂದು ಫೋಟೋ ತೆಗೆದು, ಡಬ್ಬವನ್ನು ಪಟ್ಟಿಯುದ್ದಕ್ಕೂ ಸರಿಸಿ ಇನ್ನೊಂದು. ಎಷ್ಟು ಸರಿಸಬೇಕು? ಅತಿ ಹತ್ತಿರದ ಗೊಂಬೆ ಇರುವ ದೂರದ ಮೂವತ್ತನೇ ಒಂದು ಭಾಗ. ನನಗೆ ಮುಂದಿನ ಸಾಲು ಒಂದು ಮೀಟರಿನಲ್ಲಿತ್ತು, ಮೂರು ಸೆಂಟಿಮೀಟರ್ ಸಾಕಾಯಿತು. ನಮ್ಮ ಕಣ್ಣುಗಳ ನಡುವಿನ ಅಂತರ ಸುಮಾರು ಆರೂವರೆ ಸೆಂಟಿಮೀಟರ್ ಎಂದು ಮೊದಲ ಸಲ ಅಷ್ಟೇ ಸರಿಸಿದ್ದೆ. ನೋಡಿದವರಿಗೆ ತಲೆ ಸುತ್ತಿತು. ಅರಮನೆಯನ್ನು ಅರವತ್ತು ಮೀಟರ್ ದೂರದಿಂದ ತೆಗೆಯುವುದಾದರೆ ಎರಡು ಮೀಟರ್ ಪಕ್ಕಕ್ಕೆ ನಡೆಯಬೇಕು.

ಮೊಬೈಲನ್ನು ಸರಿಸಿ, ತಿರುಗಿಸಬೇಡಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಸೀರಿಯಲ್ ಸೆಟ್ ಆರಿಸಿ! ನಾನು ಮರೆತಿದ್ದೆ. ಒಂದು ಫೋಟೋದಲ್ಲಿ ದೀಪ ಹತ್ತಿತ್ತು, ಇನ್ನೊಂದರಲ್ಲಿ ಆರಿತ್ತು. ಇಡೀ ದರ್ಬಾರಿಗೆ ಸಿಡಿಲು ಬಡಿದ ಹಾಗಿತ್ತು.

ಜೋಡಿಸಲು ನಾನು ಬಳಸುವುದು ಮಗಳು ಚಿತ್ರ ಬರೆಯುವ ಐಬಿಸ್‌ಪೇಂಟ್ ಆ್ಯಪ್. ಮೊದಲ ಫೋಟೋ ಕೆಳಗಿನ ಲೇಯರಿಗೆ (ಪದರಕ್ಕೆ), ಎರಡನೆಯದು ಮೇಲಿನದಕ್ಕೆ. ಮೇಲಿನದನ್ನು ಶೇ. 50ರಷ್ಟು ಪಾರದರ್ಶಕ ಮಾಡಿದರೆ ಎಲ್ಲ ಗೊಂಬೆಗಳೂ ಎರಡೆರಡಾಗಿ ಕಾಣುತ್ತವೆ. ಈಗ ನಡುವಿನ ಮೆಟ್ಟಿಲಿನ ಒಂದು ಗೊಂಬೆಯನ್ನು ಆರಿಸಿ. ನನ್ನದು ಚನ್ನಪಟ್ಟಣದ ಆನೆ. ಆ ಆನೆ ಒಂದೇ ಆಗುವ ತನಕ ಮೇಲಿನ ಲೇಯರನ್ನು ಬೆರಳಿನಿಂದ ಎಳೆಯಿರಿ, ಓರೆಯಾಗಿದ್ದರೆ ಕೂದಲೆಳೆಯಷ್ಟು ತಿರುಗಿಸಿ. ಚಿತ್ರ ಸುತ್ತುವ ಗೂಟ ಇದೇ: ಆನೆ ಅಲ್ಲಾಡುವುದಿಲ್ಲ, ಮುಂದಿನ ಶೆಟ್ಟರು ಒಂದು ಕಡೆಗೆ, ಹಿಂದಿನ ಪಟ್ಟದ ಗೊಂಬೆಗಳು ಇನ್ನೊಂದು ಕಡೆಗೆ ಸರಿಯುತ್ತವೆ. ಹಿಂದಿನ ಗೋಡೆಗೆ ಹೊಂದಿಸಿದರೆ ಮುಂದಿನ ಸಾಲು ಮೈಮೇಲೆ ಹಾರುತ್ತದೆ. ಮತ್ತೆ ಮೇಲಿನ ಲೇಯರಿನ ಪಾರದರ್ಶಕತೆ ಪೂರ್ತಿ ತೆಗೆದು, ಕ್ಯಾನ್ವಾಸಿನ ಅಂಚು ಒಮ್ಮೆ ಕತ್ತರಿಸಿ. ಎರಡೂ ಲೇಯರಿಗೆ ಒಂದೇ ಅಳತೆ ಸಿಗುತ್ತದೆ. ಮೇಲಿನ ಲೇಯರ್ ಇಟ್ಟುಕೊಂಡು ಒಂದು, ಮರೆಮಾಡಿ ಒಂದು ಚಿತ್ರ ಉಳಿಸಿಕೊಳ್ಳಿ.

ಇನ್ನು ಇಮ್ಗ್‌ಪ್ಲೇಯಂಥ ಯಾವುದಾದರೂ ಜಿಫ್ ಆ್ಯಪಿಗೆ ಎರಡನ್ನೂ ಹಾಕಿ, ಒಂದೊಂದಕ್ಕೆ 0.12ರಿಂದ 0.15 ಸೆಕೆಂಡು ಕೊಡಿ. ಗೂಗಲ್ ಫೋಟೋಸ್‌ನ ಆ್ಯನಿಮೇಷನ್ನಿನಲ್ಲೂ ಆಗುತ್ತದೆ, ಆದರೆ ವೇಗ ನಮ್ಮ ಕೈಯಲ್ಲಿರುವುದಿಲ್ಲ. ನಯವಾಗಿ ತೊನೆಯಬೇಕಾದರೆ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ನಾಲ್ಕು ಫೋಟೋ ತೆಗೆದು 1-2-3-4-3-2 ಎಂದು ಜೋಡಿಸಿ. ಜಿಫ್‌ನ ಒಂದು ಫ್ರೇಮಿನಲ್ಲಿ 256 ಬಣ್ಣ ಮಾತ್ರ, ರೇಷ್ಮೆ ಸೀರೆಯ ಹೊಳಪು ಪಟ್ಟೆಪಟ್ಟೆಯಾಗುತ್ತದೆ. ಹಾಗಾಗಿ ವಿಡಿಯೊ ಆಗಿಯೂ ಒಂದು ಪ್ರತಿ ಉಳಿಸಿಕೊಳ್ಳುತ್ತೇನೆ.

ಒಂದೇ ಫೋಟೋದಿಂದ ಆಳ ಊಹಿಸಿ ಅಲ್ಲಾಡಿಸುವ ಆ್ಯಪ್‌ಗಳೂ ಇವೆ. ಹಳೆಯ ಫೋಟೋಗಳಿಗೆ ಬೇರೆ ದಾರಿಯಿಲ್ಲ, ಸರಿ. ಆದರೆ ನಮ್ಮ ರಾಣಿಯ ಕಿರೀಟ ಹಿಂದಿನ ಗೋಡೆಯ ಜೊತೆ ಮೇಣದಂತೆ ಎಳೆದುಕೊಂಡು ಹೋಯಿತು.

ಮಾವನವರಿಗೆ ಈಗ ಮೊಮ್ಮಕ್ಕಳದ್ದೂ ಹೀಗೆಯೇ ಬೇಕಂತೆ. ಮಕ್ಕಳು ಗೊಂಬೆಗಳಲ್ಲವಲ್ಲ, ಡಬ್ಬ ಸರಿಸುವಷ್ಟರಲ್ಲಿ ಓಡಿಹೋಗುತ್ತಾರೆ. ಒಂದೇ ಮಾದರಿಯ ಎರಡು ಮೊಬೈಲನ್ನು ಅಕ್ಕಪಕ್ಕ ಕಟ್ಟಿ, "ಒಂದು, ಎರಡು, ಮೂರು" ಎಂದು ನಾನೂ ನಮ್ಮವರೂ ಒಟ್ಟಿಗೆ ಒತ್ತುತ್ತೇವೆ. ಹತ್ತು ಸಲ ಒತ್ತಿದರೆ ಒಂದು ಜೋಡಿ ಸರಿಯಾಗಿ ಸಿಗುತ್ತದೆ.