ಕೇಬಲ್ ಕಿತ್ತರೂ ಬಿಲ್ಡ್ ಆಗಬೇಕು: ನನ್ನ ಅನುಭವ

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದು ನೋಡಿಕೊಳ್ಳುವುದು ನನ್ನ ಜೀವನೋಪಾಯ. ಕೋಡಿನಲ್ಲಿ ಒಂದಕ್ಷರ ಬದಲಿಸದಿದ್ದರೂ ನಿನ್ನೆ ಸರಿಯಿದ್ದ ಬಿಲ್ಡ್ (ಕೋಡನ್ನು ಓಡುವ ತಂತ್ರಾಂಶವಾಗಿ ಸಿದ್ಧಪಡಿಸುವ ಕೆಲಸ) ಇಂದು ಕೆಟ್ಟು ಕೂರುವ ಕಾಟ ಈಗ ಎರಡು ವರ್ಷದಿಂದ ಬಹುತೇಕ ತಪ್ಪಿದೆ. ಬೇರೆಯವರು ಬರೆದ, ನನ್ನ ಕೋಡು ನೆಚ್ಚಿಕೊಂಡಿರುವ ಪ್ಯಾಕೇಜ್‌ಗಳನ್ನೆಲ್ಲ ಮನೆಯಲ್ಲೇ ಕೂಡಿಡುತ್ತೇನೆ ಎಂದಾಗ "ಉಪ್ಪಿನಕಾಯಿ ಹಾಕ್ತೀಯೇನೋ?" ಎಂದು ನಕ್ಕಿದ್ದ ಬೆಂಗಳೂರಿನ ಗೆಳೆಯರಲ್ಲಿ ಇಬ್ಬರು ಈಚೆಗೆ ನನ್ನ ಸ್ಕ್ರಿಪ್ಟ್ ಕೇಳಿ ಪಡೆದಿದ್ದಾರೆ.

ವರ್ಷನ್ ಪಿನ್ ಮಾಡಬೇಕು, ಅಂದರೆ ಪ್ರತಿ ಪ್ಯಾಕೇಜಿನ ಯಾವ ಆವೃತ್ತಿ ಬೇಕೆಂದು ಪಟ್ಟಿಯಲ್ಲಿ ಬರೆದಿಡಬೇಕು ಎಂಬುದು ಈ ಕಸುಬಿನ ಎಲ್ಲರಿಗೂ ಗೊತ್ತು. ಅದು ಎಲ್ಲಿ ಕೈಕೊಡುತ್ತದೆ ಎಂಬುದೇ ಇಲ್ಲಿನ ವಿಷಯ. 2022ರ ಫೆಬ್ರವರಿಯಲ್ಲಿ ಪೈಥಾನ್ ಭಾಷೆಯ ಪ್ಯಾಕೇಜ್ ಆದ ಮಾರ್ಕಪ್‌ಸೇಫ್ 2.1 ಬಂದಾಗ, ಇನ್ನೊಂದು ಪ್ಯಾಕೇಜ್ ಜಿಂಜಾ 2.11 ನೆಚ್ಚಿಕೊಂಡಿದ್ದ ಫಂಕ್ಷನ್ ಒಂದನ್ನು ಅದರಿಂದ ತೆಗೆದುಹಾಕಲಾಗಿತ್ತು. ಜಿಂಜಾ ಮತ್ತು ಅದನ್ನು ಬಳಸುವ ಫ್ಲಾಸ್ಕ್‌ಗಳನ್ನು ಪಿನ್ ಮಾಡಿ ಅವುಗಳ ಅಡಿಯಲ್ಲಿದ್ದ ಮಾರ್ಕಪ್‌ಸೇಫನ್ನು ಬಿಟ್ಟವರೆಲ್ಲ ಹೊಸ ಇನ್‌ಸ್ಟಾಲ್‌ನಲ್ಲಿ ಇಂಪೋರ್ಟ್ ದೋಷ ಕಂಡರು. ಅದಕ್ಕೆ ಪಿಪ್ ಫ್ರೀಜ್ (ಪ್ಯಾಕೇಜ್ ಅಳವಡಿಸುವ ಸಾಧನವಾದ ಪಿಪ್ ಕೊಡುವ ಪೂರ್ಣ ಪಟ್ಟಿ) ಸಾಕಾಯಿತು.

2023ರ ಜುಲೈ ತಿಂಗಳ ಹೊಡೆತ ಹಾಗಲ್ಲ. ನನ್ನ ಪಟ್ಟಿಯಲ್ಲಿ ಪ್ರತಿಯೊಂದೂ ಪಿನ್ ಆಗಿತ್ತು. ಆದರೆ ಪೈಯಾಮಲ್ ಎಂಬ ಪ್ಯಾಕೇಜಿನ 5.4.1ಕ್ಕೆ ಪೈಥಾನ್ 3.10ರ ಸಿದ್ಧ ವ್ಹೀಲ್ (ಮೊದಲೇ ಕಟ್ಟಿಟ್ಟ ಫೈಲ್) ಇಲ್ಲದ್ದರಿಂದ ಪಿಪ್ ಅದನ್ನು ಮೂಲ ಕೋಡಿನಿಂದ ಕಟ್ಟಲು ಹೊರಡುತ್ತದೆ. ಕಟ್ಟುವುದಕ್ಕೆಂದು ತೆರೆಯುವ ಪ್ರತ್ಯೇಕ ಪರಿಸರಕ್ಕೆ ಹೊಚ್ಚಹೊಸ ಸೈಥಾನನ್ನು (ಪೈಥಾನ್ ಬಗೆಯ ಕೋಡನ್ನು ಸಿ ಭಾಷೆಗೆ ತಿರುಗಿಸುವ ಸಾಧನ) ತಂದುಕೊಳ್ಳುತ್ತದೆ. ನಮ್ಮ ಪಟ್ಟಿಯ ಮಾತು ಅಲ್ಲಿ ನಡೆಯುವುದಿಲ್ಲ. ಈ ಹಳೆಯ ಪೈಯಾಮಲನ್ನು ಕಟ್ಟಲಾಗದ ಸೈಥಾನ್ 3 ಬಿಡುಗಡೆಯಾದ ವಾರದಲ್ಲೇ ಹೊಸ ಮಂಡಿಯೊಂದರಲ್ಲಿ ಅಳವಡಿಕೆಯಿತ್ತು. ದಿನವಿಡೀ ಸಾಹುಕಾರರ ಎದುರು ಕುಳಿತು ಪರದೆಯ ಕೆಂಪು ಅಕ್ಷರ ಓದಿದ್ದಾಯಿತು. ವರ್ಷನ್‌ಗಳಿಗೆ ಮಿತಿ ಹಾಕುವ ಕನ್‌ಸ್ಟ್ರೇಂಟ್ ಫೈಲಿನಲ್ಲಿ ಸೈಥಾನನ್ನು 3ಕ್ಕಿಂತ ಕೆಳಗೆ ಕಟ್ಟಿಹಾಕಿ, ಆ ಫೈಲನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಕೊಟ್ಟರೆ ಆಗಿನ ಪಿಪ್‌ನಲ್ಲಿ ಒಳಗಿನ ಪರಿಸರಕ್ಕೂ ಅನ್ವಯಿಸುತ್ತಿತ್ತು ಎಂಬುದು ಸಿಕ್ಕುವ ವೇಳೆಗೆ ಅವರು ಬೇರೊಬ್ಬರನ್ನು ಗೊತ್ತು ಮಾಡಿಕೊಂಡಿದ್ದರು. ಮೂವತ್ತೈದು ಸಾವಿರದಷ್ಟು ಆದಾಯ ಹೋಯಿತು. ಓಡಾಟದ ಖರ್ಚು ಬೇರೆ.

ಆಮೇಲೆ ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಹಳೆಯ ಮಿನಿ ಪಿಸಿಯೊಂದನ್ನು ಕೊಂಡು, ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಅದರಲ್ಲಿಯೇ ವ್ಹೀಲ್‌ಗಳಾಗಿ ಕಟ್ಟಿ ಒಂದು ಫೋಲ್ಡರಿನಲ್ಲಿ ತುಂಬಿದೆ. ಎಲ್ಲ ಸೇರಿ 400 ಎಂಬಿಯೊಳಗೇ ಇರಬೇಕು. ಅಳವಡಿಸುವಾಗ ಪಿಪ್‌ಗೆ ಹೊರಗಿನ ಇಂಡೆಕ್ಸ್ (ಇಂಟರ್ನೆಟ್ಟಿನ ಪ್ಯಾಕೇಜ್ ಭಂಡಾರ) ನೋಡಬೇಡವೆಂದೂ, ಮೂಲದಿಂದ ಕಟ್ಟಬೇಡವೆಂದೂ, ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಹೊಂದದಿದ್ದರೆ ನಿಂತುಬಿಡೆಂದೂ ಹೇಳುತ್ತೇನೆ. ತಂತ್ರಾಂಶವನ್ನು ಅದರ ಪರಿಸರದೊಂದಿಗೆ ಇಮೇಜ್ ಆಗಿ ಕಟ್ಟಿಕೊಡುವ ಡಾಕರ್ ವಿಷಯದಲ್ಲಿ ಟ್ಯಾಗ್, ಅಂದರೆ ಇಮೇಜಿನ ಹೆಸರನ್ನು ನಂಬುವುದನ್ನು ಬಿಟ್ಟಿದ್ದೇನೆ: 2023ರ ಜೂನ್‌ನಲ್ಲಿ ಪೈಥಾನ್ 3.10 ಸ್ಲಿಮ್ ಎಂಬ ಅದೇ ಹೆಸರಿನ ಒಳಗೆ ಡೆಬಿಯನ್ ಎಂಬ ಲಿನಕ್ಸ್‌ನ 11 ಹೋಗಿ 12 ಬಂದು ಕುಳಿತಿತ್ತು. ಹೆಸರಿನ ಬದಲು ಇಮೇಜಿನ ಹ್ಯಾಶ್ ಆದ ಡೈಜೆಸ್ಟ್ ಬರೆಯುತ್ತೇನೆ, ಇಮೇಜನ್ನು ಟಾರ್ ಫೈಲಾಗಿಯೂ ಇಟ್ಟುಕೊಳ್ಳುತ್ತೇನೆ. ಪರೀಕ್ಷೆ ಒಂದೇ: ಕ್ಯಾಶ್ ಎಲ್ಲ ಅಳಿಸಿ, ಲ್ಯಾನ್ ಕೇಬಲ್ ಕಿತ್ತು, ಸೊನ್ನೆಯಿಂದ ಬಿಲ್ಡ್ ಮಾಡುವುದು. ಈಗ ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ.

ನಡುವೆ ಇದೇ ಉದ್ದೇಶದ ನಿಕ್ಸ್ ಎಂಬ ಸಾಧನದ ಕಡೆಗೂ ಹೋಗಿ ಬಂದೆ. ಕೆಲಸವೇನೋ ಅಚ್ಚುಕಟ್ಟು, ಆದರೆ ನನ್ನ ಬಳಿ ಕಲಿಯಲು ಬರುವ ಹುಡುಗನಿಗೆ ಅದನ್ನು ವಿವರಿಸುವುದರಲ್ಲೇ ಭಾನುವಾರಗಳು ಕಳೆದವು. ಕಡಿಮೆ ಕರೆಂಟಿನ ಆಸೆಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನೂ ತಂದೆ. ಅದು ಆರ್ಮ್ ಬಗೆಯ ಪ್ರೊಸೆಸರಿನ ಯಂತ್ರ, ಅದರಲ್ಲಿ ಕಟ್ಟಿದ ವ್ಹೀಲ್‌ಗಳು ಮಂಡಿಯ ಇಂಟೆಲ್ ಯಂತ್ರಗಳಿಗೆ ಆಗುವುದಿಲ್ಲ, ದತ್ತಾಂಶ ನಿಭಾಯಿಸುವ ಪಾಂಡಾಸ್ ಪ್ಯಾಕೇಜ್ ಕಟ್ಟುವುದಕ್ಕಂತೂ ಇಡೀ ರಾತ್ರಿ ಹಿಡಿಯಿತು. ಈಗ ಮನೆಯ ಜಾಹೀರಾತು ತಡೆಯುವ ಕೆಲಸಕ್ಕಿದೆ.

ಹೀಗೆ ಕಟ್ಟಿಹಾಕಿದರೆ ಭದ್ರತೆಯ ತಿದ್ದುಪಡಿಗಳ ಗತಿಯೇನು ಎಂದು ಗೆಳೆಯರು ಕೇಳಿದ್ದು ನ್ಯಾಯವೇ. ವಾರಕ್ಕೊಮ್ಮೆ, ಪ್ಯಾಕೇಜ್‌ಗಳಲ್ಲಿ ಗೊತ್ತಿರುವ ಭದ್ರತಾ ದೋಷ ಹುಡುಕುವ ಪಿಪ್-ಆಡಿಟ್ ಓಡುತ್ತದೆ. ತಿಂಗಳಿಗೊಂದು ಶನಿವಾರ ಹೊಸ ವರ್ಷನ್‌ಗಳನ್ನು ಬೇರೆ ಫೋಲ್ಡರಿಗೆ ತಂದು ಕಟ್ಟುತ್ತೇನೆ. ಕೆಟ್ಟರೆ ಅಂದು ನನ್ನ ಮೇಜಿನ ಮೇಲೆ ಕೆಡಲಿ. ಮಾರ್ಚ್‌ನಲ್ಲಿ ಮಾತ್ರ, ಆಡಿಟ್ ಗಂಭೀರವಾದದ್ದೇನನ್ನಾದರೂ ಹೇಳದ ಹೊರತು, ಏನನ್ನೂ ಮುಟ್ಟುವುದಿಲ್ಲ. ಹಳೆಯ ಮತ್ತು ಹೊಸ ಫೋಲ್ಡರುಗಳಿಂದ ಒಂದೇ ಬಿಲ್ಲನ್ನು ಮುದ್ರಿಸಿ ಪೈಸೆಯ ವ್ಯತ್ಯಾಸವನ್ನೂ ಹಿಡಿಯುವ ಬೇರೊಂದು ಸ್ಕ್ರಿಪ್ಟ್ ಇದೆ. ಗೆಳೆಯರಿಗೆ ಅದನ್ನು ಕೊಟ್ಟಿಲ್ಲ, ಇಲ್ಲಿಯೂ ಬಿಚ್ಚಿಡುವುದಿಲ್ಲ. ವಾರ್ಷಿಕ ನಿರ್ವಹಣೆಗೆ ನಾನು ಹೇಳುವ ದರ ಅದರ ಮೇಲೆಯೇ ನಿಂತಿದೆ.