ಅರಿಸಿನದ ಮೂರು ಚುಕ್ಕೆ

ಅರಿಸಿನದ ಹಳದಿ ಒಂದೇ ವಸ್ತುವಿನದಲ್ಲ. ಕರ್ಕ್ಯುಮಿನ್ ಜೊತೆ ಇನ್ನಿಬ್ಬರು ತಮ್ಮಂದಿರಿದ್ದಾರೆ. ಕರ್ಕ್ಯುಮಿನ್‌ಗೆ ಎರಡು ಮೀಥಾಕ್ಸಿ ಗುಂಪು (ಅಣುವಿಗೆ ಅಂಟಿದ ಸಣ್ಣ ತುಂಡು), ನಡುವಿನವನಿಗೆ ಒಂದು, ಕಿರಿಯವನಿಗೆ ಒಂದೂ ಇಲ್ಲ. ಈ ಮೂವರನ್ನೂ ಬಿಡಿಸಿ ಅಳೆಯುವ ವಿಧಾನ ಕಟ್ಟುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ಆಗಿತ್ತು.

ದ್ರಾವಕವನ್ನು ಒತ್ತಡದಲ್ಲಿ ಕಾಲಂ ಎಂಬ ಕೊಳವೆಯೊಳಗೆ ಹರಿಸಿ ವಸ್ತುಗಳನ್ನು ಬಿಡಿಸಿ ಅಳೆಯುವ ಯಂತ್ರ ಎಚ್‌ಪಿಎಲ್‌ಸಿ. ನೇರವಾಗಿ ಅದರ ಮುಂದೆ ಕೂರುವ ಆಸೆ. ನನ್ನ ಸರದಿ ವಾರಕ್ಕೊಮ್ಮೆ ಬರುತ್ತಿತ್ತು. ಹಾಗಾಗಿ ಟಿಎಲ್‌ಸಿ ಹಿಡಿದೆ: ಹಾಳೆಯ ಮೇಲೆ ದ್ರಾವಕ ಏರುತ್ತಾ ವಸ್ತುಗಳನ್ನು ಬೇರೆಬೇರೆ ಎತ್ತರಕ್ಕೆ ಒಯ್ಯುವ ಸರಳ ವಿಧಾನ. ಸಿಲಿಕಾ ಹಾಳೆಯನ್ನು ಎರಡು ಬೆರಳಗಲ ಕತ್ತರಿಸಿ, ಪೆನ್ಸಿಲ್ ಗೆರೆ ಎಳೆದು, ಅರಿಸಿನದ ಸಾರದ ಒಂದು ಚುಕ್ಕೆ ಇಟ್ಟರೆ ಆಯ್ತು. ಜಾಮ್ ಬಾಟಲಿಯೇ ಟ್ಯಾಂಕ್, ಆದರೆ ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ. ಬಣ್ಣದ ವಸ್ತು ಅಲ್ವಾ, ಕಣ್ಣೇ ಸಾಕು.

ಹೆಕ್ಸೇನ್‌ನಲ್ಲಿ ಚುಕ್ಕೆ ಕದಲಲೇ ಇಲ್ಲ. ಮೆಥನಾಲ್‌ನಲ್ಲಿ ಎಲ್ಲವೂ ಒಟ್ಟಿಗೆ ತುದಿಗೆ ಓಡಿದವು. ಕ್ಲೋರೊಫಾರ್ಮ್‌ಗೆ ಮೆಥನಾಲನ್ನು ಸ್ವಲ್ಪಸ್ವಲ್ಪ ಸೇರಿಸುತ್ತಾ ಹೋದೆ. 95:5ಕ್ಕೆ ಬಂದಾಗ ಮೂರು ಚುಕ್ಕೆ ಬಿಡಿಬಿಡಿಯಾಗಿ ನಿಂತವು. ಮೇಲೆ ಕರ್ಕ್ಯುಮಿನ್, ಕೆಳಗೆ ಕಿರಿಯವನು. ಈ ಅನುಪಾತ ಆಗಲೇ ಎಷ್ಟೋ ಕಡೆ ಅಚ್ಚಾಗಿದೆ ಅಂತ ಆಮೇಲೆ ಗೊತ್ತಾಯಿತು. ಮೊದಲೇ ಓದಬೇಕಿತ್ತು ಬಿಡಿ.

ಅಷ್ಟರಲ್ಲಿ ಮಳೆ ಹಿಡಿಯಿತು. ಅದೇ ದ್ರಾವಕ, ಅದೇ ಸಾರ, ಆದರೆ ಚುಕ್ಕೆಗಳು ಮೇಲೇರಿ ಒಂದಕ್ಕೊಂದು ಅಂಟಿಕೊಂಡವು. ಎರಡು ದಿನ ಸುಮ್ನೆ ಮೆಥನಾಲ್ ಬಾಟಲಿಯನ್ನು ಬೈದೆ. ಕೆಟ್ಟಿದ್ದು ಸಿಲಿಕಾ. ಹೊರಗಿಟ್ಟ ಹಪ್ಪಳದ ಹಾಗೆ ತೇವ ಹೀರಿಕೊಂಡಿತ್ತು. ನೀರು ಕುಡಿದ ಸಿಲಿಕಾಗೆ ಹಿಡಿತ ಕಡಿಮೆ. ಪಟ್ಟಿಗಳನ್ನು 110 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟೆ. ಬಾಟಲಿಯೊಳಗೆ ಫಿಲ್ಟರ್ ಪೇಪರ್ ನಿಲ್ಲಿಸಿ, ಆವಿ ತುಂಬುವ ತನಕ ಕಾದೆ. ಮೂರೂ ವಾಪಸ್ ಬಂದವು.

ಎಚ್‌ಪಿಎಲ್‌ಸಿಯಲ್ಲಿ ಸಾಲು ತಲೆಕೆಳಗಾಯಿತು. ಸಿಲಿಕಾಗೆ ಎಣ್ಣೆ ಸ್ವಭಾವದ ಪದರ ಹಚ್ಚಿದ ಸಿ18 ಕಾಲಂನಲ್ಲಿ ಕಿರಿಯವನೇ ಮೊದಲು ಹೊರಬರುತ್ತಾನೆ, ಕರ್ಕ್ಯುಮಿನ್ ಕೊನೆಗೆ. ಅಸಿಟೋನೈಟ್ರೈಲ್ ಜೊತೆಗಿನ ನೀರಿಗೆ ಅಸಿಟಿಕ್ ಆಮ್ಲ ಹಾಕದೆ ಓಡಿಸಿದಾಗ ಪೀಕ್‌ಗಳಿಗೆ (ಗ್ರಾಫಿನಲ್ಲಿ ಏಳುವ ಶಿಖರಗಳಿಗೆ) ಉದ್ದ ಬಾಲ ಬಂತು. 2% ಹಾಕಿದ ಮೇಲೆ ಬಾಲ ಹೋಯಿತು. ಬೆಳಕಿನ ಹೀರಿಕೆಯ ಅಳತೆ 425 ನ್ಯಾನೋಮೀಟರ್‌ನಲ್ಲಿ. ಒಮ್ಮೆ ಕ್ಷಾರದಲ್ಲಿ ತೊಳೆದ ಫ್ಲಾಸ್ಕ್ ಸರಿಯಾಗಿ ಜಾಲಿಸದೆ ಸಾರ ಸುರಿದೆ, ಕೆಂಪಗಾಯಿತು. ಅರಿಸಿನಕ್ಕೆ ಸುಣ್ಣ ಸೇರಿದರೆ ಕುಂಕುಮವಾಗುತ್ತದಲ್ಲ, ಅದೇ ಕತೆ. ಕ್ಷಾರದಲ್ಲಿ ಕರ್ಕ್ಯುಮಿನ್ ಬೇಗ ಒಡೆಯುವುದರಿಂದ ಆ ಸಾರವನ್ನು ಚೆಲ್ಲಬೇಕಾಯಿತು.

ಸೋತ ಪಟ್ಟಿಗಳನ್ನೂ ನೋಟ್‌ಬುಕ್‌ಗೆ ಅಂಟಿಸಿದ್ದೆ. ಕಿಟಕಿ ಪಕ್ಕ ತೆರೆದಿಟ್ಟ ಪುಟದಲ್ಲಿ ಬೆಳಕಿಗೆ ಹಳದಿ ಮಾಸಿಹೋಯಿತು. ಚುಕ್ಕೆಗಳ ಸುತ್ತ ಎಳೆದ ಪೆನ್ಸಿಲ್ ಗೆರೆ ಮಾತ್ರ ಉಳಿದಿದೆ. ಈಗಲೂ ಅದನ್ನೇ ಅಳೆಯುತ್ತೇನೆ.